ಗಾಯಗೊಂಡ ಕಾಡುಹಂದಿ ಬೇಲಿ ದಾಟಿದರೆ ಅದು ಯಾರದು?

ಬೆಳೆ ಹಾಳುಮಾಡುವ ಪ್ರಾಣಿಗಳ ಬಗ್ಗೆ ಬರುವ ಪತ್ರಗಳಲ್ಲಿ ಕೆಳಗಿನ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ತಪ್ಪು ಉತ್ತರವನ್ನು ಆಗಲೇ ನಂಬಿಬಿಟ್ಟಿರುವುದರಿಂದ ಈ ಬಾರಿ ವಿವರವಾಗಿ ಬರೆಯುತ್ತಿದ್ದೇನೆ.

ಪ್ರಶ್ನೆ: ಕಾಡುಹಂದಿಯನ್ನು ಕೊಲ್ಲಲು ಅರಣ್ಯ ಇಲಾಖೆಯಿಂದ ಲಿಖಿತ ಅನುಮತಿ ಪಡೆದಿದ್ದೆವು. ಗುಂಡು ತಗುಲಿದ ಹಂದಿ ಪಕ್ಕದ ತೋಟಕ್ಕೆ ನುಗ್ಗಿತು. ‘ನಮ್ಮ ಜಾಗದಲ್ಲಿ ಬಿದ್ದದ್ದು ನಮ್ಮದು’ ಎಂದು ಅವರು ಹಟ ಹಿಡಿದಿದ್ದಾರೆ. ನಾವು ಹೋಗಿ ತರಬಹುದೇ?

ಉತ್ತರ: ಅದು ನಿಮ್ಮದೂ ಅಲ್ಲ, ಅವರದೂ ಅಲ್ಲ. ಸರ್ಕಾರ ಆ ಪ್ರಾಣಿಯನ್ನು ನಿಮ್ಮ ಪ್ರದೇಶದಲ್ಲಿ ಉಪದ್ರವಕಾರಿ ಎಂದು ಅಧಿಸೂಚನೆ ಹೊರಡಿಸಿ ಘೋಷಿಸಿರದಿದ್ದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಅನುಮತಿಯಿಂದ ಕೊಂದ ಪ್ರಾಣಿಯೂ ತಾನಾಗಿ ಸತ್ತು ಸಿಕ್ಕ ಪ್ರಾಣಿಯೂ ರಾಜ್ಯ ಸರ್ಕಾರದ ಸ್ವತ್ತು. ಅದು ಕೈಗೆ ಬಂದವರು 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ತಿಳಿಸಬೇಕು. ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು, ಹಂಚುವುದು, ನಾಶಮಾಡುವುದು ಯಾವುದಕ್ಕೂ ಅವಕಾಶವಿಲ್ಲ. ಆದ್ದರಿಂದ ಜಗಳ ಬೇಡವೆಂದು ರಾತ್ರೋರಾತ್ರಿ ಹೂತುಹಾಕುವವರೂ ತೊಂದರೆಗೆ ಸಿಲುಕುತ್ತಾರೆ.

11ನೇ ಸೆಕ್ಷನ್ನಿನಡಿ ಸಿಗುವ ಅನುಮತಿ ಬೆಳೆಯನ್ನು ಉಳಿಸಿಕೊಳ್ಳಲು, ಮಾಂಸಕ್ಕಲ್ಲ. ಆದೇಶದಲ್ಲಿ ಸರ್ವೆ ನಂಬರು ನಮೂದಾಗಿದ್ದರೆ ಅದರಾಚೆ ಬಂದೂಕು ಎತ್ತುವಂತಿಲ್ಲ. ಪಕ್ಕದವರು ತಮ್ಮ ಜಮೀನಿನೊಳಗೆ ನಿಮ್ಮನ್ನು ಬಿಟ್ಟುಕೊಳ್ಳಬಹುದೇ ಹೊರತು ಬೇಟೆಗೆ ಅನುಮತಿ ಕೊಡಲಾರರು.

ಹಂದಿ ಇನ್ನೂ ಜೀವಂತವಾಗಿದ್ದರೆ ದಯವಿಟ್ಟು ಹಿಂಬಾಲಿಸಬೇಡಿ. ಗಾಯಗೊಂಡ ಹಂದಿ ಲಂಟಾನದ ಪೊದೆಯೊಳಗೆ ಸದ್ದಿಲ್ಲದೆ ಮಲಗಿರುತ್ತದೆ, ನೀವು ನೆಲದ ಮೇಲಿನ ರಕ್ತದ ಹನಿಗಳನ್ನೇ ನೋಡುತ್ತ ನಾಲ್ಕು ಹೆಜ್ಜೆ ಹತ್ತಿರ ಬಂದಾಗ ಬೆನ್ನಿನ ಕೂದಲು ನಿಮಿರಿಸಿಕೊಂಡು ತಲೆ ತಗ್ಗಿಸಿ ನುಗ್ಗುತ್ತದೆ. ಕೋರೆ ತೊಡೆಯ ರಕ್ತನಾಳವನ್ನೇ ಸೀಳಿದರೆ ಆಸ್ಪತ್ರೆ ತಲುಪುವಷ್ಟು ಹೊತ್ತೂ ಉಳಿಯುವುದಿಲ್ಲ. ಅದು ಬೇಲಿ ದಾಟಿದ ಜಾಗದಲ್ಲಿ ಗುರುತು ನೆಟ್ಟು, ಸಮಯ ಬರೆದುಕೊಂಡು, ನಾಯಿಗಳನ್ನು ಕಟ್ಟಿಹಾಕಿ, ಪಕ್ಕದ ಮನೆಯ ಮಕ್ಕಳು ಹೊರಬರದಂತೆ ಎಚ್ಚರಿಸಿ, ವಲಯ ಅರಣ್ಯಾಧಿಕಾರಿಯ ಕಚೇರಿಗೆ ಆ ಕ್ಷಣವೇ ಫೋನ್ ಮಾಡಿ. ಸಿಬ್ಬಂದಿ ಬಂದು ಮಹಜರು ಮಾಡುವವರೆಗೆ ಎರಡೂ ಮನೆಯವರು ದೂರವೇ ಇರಲಿ. 48 ಗಂಟೆ ಇದೆಯಲ್ಲ ಎಂದು ಕಾಯುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅಷ್ಟು ಹೊತ್ತು ಆ ಪ್ರಾಣಿ ನರಳುತ್ತಿರುತ್ತದೆ.

ಪ್ರಶ್ನೆ: ಬಂದೂಕಿನ ಲೈಸೆನ್ಸ್ ಇದ್ದರೆ ಬೇಟೆಯಾಡಬಹುದಲ್ಲವೇ?

ಉತ್ತರ: ಇಲ್ಲ. ಅದು ಬಂದೂಕು ಇಟ್ಟುಕೊಳ್ಳಲು ಕೊಟ್ಟ ಪರವಾನಗಿ, ಅಷ್ಟೇ.

ಪ್ರಶ್ನೆ: ಕೀಲುನೋವಿಗೆ ಉಡದ ಎಣ್ಣೆ ತರಿಸಿಕೊಳ್ಳಬಹುದೇ?

ಉತ್ತರ: ಸಂತೆಯಲ್ಲಿ ಬಾಟಲಿ ಹಿಡಿದು ಕೂತವರು ನಿಮ್ಮ ನೋವನ್ನೂ ಹಣವನ್ನೂ ಒಟ್ಟಿಗೆ ದೋಚುತ್ತಿದ್ದಾರೆ. ಉಡ ಇದೇ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಪಡೆದವುಗಳ ಪಟ್ಟಿಯಲ್ಲಿ, ಇರುವ ಪ್ರಾಣಿ. ಅಪರಾಧ ಸಾಬೀತಾದರೆ ಕನಿಷ್ಠ 3 ವರ್ಷ ಜೈಲು. ಮೂಳೆ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಹಂದಿಗೆ ಹಾಕಿದ ಉರುಳಿಗೆ ಚಿರತೆ ಬಿದ್ದರೆ ಹೊಣೆ ಯಾರದು?

ಉತ್ತರ: ಉರುಳು ಹಾಕಿದವರದೇ. ಉರುಳಿಡುವ ಪ್ರಯತ್ನವೂ ಕಾಯ್ದೆಯ ದೃಷ್ಟಿಯಲ್ಲಿ ಬೇಟೆಯೇ ಆದ್ದರಿಂದ, ನಿಮ್ಮ ಬೇಲಿಯಲ್ಲಿ ತಂತಿಯ ಕುಣಿಕೆಗಳಿದ್ದರೆ ಇವತ್ತೇ ಬಿಚ್ಚಿ.