ಬಸಿಗಾಲುವೆ ಮುಚ್ಚಿದರೆ ಮೀಥೇನ್ ಬರುವುದಿಲ್ಲವೇ?

ಪ್ರಶ್ನೆ: ಡೆನ್ಮಾರ್ಕ್‌ನಲ್ಲಿ ಸರ್ಕಾರವೇ ದುಡ್ಡು ಕೊಟ್ಟು ಉಳುವ ಜಮೀನನ್ನು ಮತ್ತೆ ಜೌಗು ಮಾಡಿಸುತ್ತಿದೆಯಂತೆ. ಜೌಗಿನಿಂದ ಮೀಥೇನ್ ಬರುತ್ತದಲ್ಲ, ಲಾಭವೇನು? ರೈತರು ಒಪ್ಪುತ್ತಾರೆಯೇ?

ಉತ್ತರ: ಮೀಥೇನ್ ಬರುವುದು ನಿಜ. ಮೊದಲ ಕೆಲವು ವರ್ಷ ಜಾಸ್ತಿಯೇ ಬರಬಹುದು. ಆದರೆ ಅದು ಹತ್ತು-ಹನ್ನೆರಡು ವರ್ಷದಲ್ಲಿ ವಾತಾವರಣದಿಂದ ಮರೆಯಾಗುತ್ತದೆ. ಬೇಸಾಯಕ್ಕೆಂದು ನೀರು ಬಸಿದ ಜೌಗಿನ ಪೀಟ್ ಮಣ್ಣು ಹಾಗಲ್ಲ. ಸಾವಿರಾರು ವರ್ಷ ನೀರಿನಡಿ ಪೂರ್ತಿ ಕೊಳೆಯದೆ ಉಳಿದ ಪಾಚಿ, ಜೊಂಡು ಅದು. ಗಾಳಿ ತಾಗಿದ ದಿನದಿಂದ ಕೊಳೆಯತೊಡಗಿ, ಪೀಟ್ ಮುಗಿಯುವ ತನಕ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ನೆಲವೂ ಕುಸಿಯುತ್ತದೆ. ಇದನ್ನು ತಡೆಯಲು ನೀರು ನೆಲಮಟ್ಟಕ್ಕೆ ತುಸು ಕೆಳಗೆ ನಿಂತರೆ ಸಾಕು. ಕೆರೆಯ ಹಾಗೆ ತುಂಬಿಸಿದರೆ ಮೀಥೇನ್ ಕಾಟ ಹೆಚ್ಚು.

ಇನ್ನು ರೈತರು. 2024ರ ಜೂನ್‌ನಲ್ಲಿ ಡೆನ್ಮಾರ್ಕ್ ಸರ್ಕಾರ, ರೈತ ಸಂಘಟನೆ, ಪರಿಸರ ಸಂಘಟನೆಗಳೆಲ್ಲ ಕೂತು ಒಪ್ಪಂದಕ್ಕೆ ಬಂದವು. ನವೆಂಬರ್‌ನಲ್ಲಿ ಸಂಸತ್ತಿನ ಬಹುಮತದ ಪಕ್ಷಗಳೂ ಕೈಜೋಡಿಸಿದವು. 2030ರೊಳಗೆ ಅಂಚಿನ ಜಮೀನೂ ಸೇರಿ 1.4 ಲಕ್ಷ ಹೆಕ್ಟೇರ್ ತಗ್ಗು ನೆಲವನ್ನು ಉಳುಮೆಯಿಂದ ಬಿಡಿಸುವ ಗುರಿ. ಕಾಡು ಬೆಳೆಸುವುದೂ ಸೇರಿ ಒಟ್ಟು ಯೋಜನೆಗೆ 4,000 ಕೋಟಿ ಕ್ರೋನರ್‌ಗೂ (ಅಲ್ಲಿನ ನಾಣ್ಯ) ಮೀರಿದ ನಿಧಿಯಿದೆ. ಒಪ್ಪದವರಿಗೆ 2028ರಿಂದ ಇಂತಹ ಮಣ್ಣು ಹೊರಬಿಡುವ ಅನಿಲಕ್ಕೆ ಟನ್ನಿಗೆ 40 ಕ್ರೋನರ್ ತೆರಿಗೆ. ನನ್ನ ಪ್ರಕಾರ ಈ ತೆರಿಗೆ ಯಾರನ್ನೂ ಕದಲಿಸುವಷ್ಟಿಲ್ಲ, ಕೆಲಸ ಮಾಡುವುದು ದುಡ್ಡೇ.

ನಿಜವಾದ ಕಷ್ಟ ಬದುವಿನಲ್ಲಿದೆ. ಒಬ್ಬ ತನ್ನ ಹೊಲದಡಿಯ ಬಸಿ ಪೈಪ್ ಒಡೆದು ಕಾಲುವೆ ಮುಚ್ಚಿದರೆ ಪಕ್ಕದವನ ಗೋಧಿಯ ಬೇರೂ ನೆನೆಯುತ್ತದೆ. ಹಾಗಾಗಿ ಇಡೀ ತಗ್ಗಿನ ಜಮೀನುದಾರರೆಲ್ಲ ಒಟ್ಟಿಗೆ ಒಪ್ಪಬೇಕು. ತಗ್ಗಿನ ನೆಲ ಬಿಡುವವನಿಗೆ ಎತ್ತರದಲ್ಲಿ ಬದಲಿ ಹೊಲ ಕೊಡಿಸುವ ಪದ್ಧತಿ ಅಲ್ಲಿ ಹಳೆಯದು, ಈಗ ಅದನ್ನೇ ನೆಚ್ಚಿಕೊಂಡಿದ್ದಾರೆ. ಅಳತೆ, ಪತ್ರ, ಮಾತುಕತೆಗೇ ವರ್ಷಗಳು ಹಿಡಿಯುತ್ತವೆ.

ಉತ್ತರದ ಬೇರೆ ದೇಶಗಳ ಕಥೆ ಬೇರೆ. ಫಿನ್‌ಲ್ಯಾಂಡ್ ತನ್ನ ಜೌಗಿನ ಅರ್ಧದಷ್ಟನ್ನು ಬಸಿದದ್ದು ಹೆಚ್ಚಾಗಿ ಮರಕ್ಕಾಗಿ. ಜೌಗು ಮುಂತಾದ ನೆಲೆಗಳನ್ನು ಸರಿಪಡಿಸುವ ಅಲ್ಲಿನ ‘ಹೆಲ್ಮಿ’ ಯೋಜನೆಗೆ ಖಾಸಗಿ ಜಮೀನುದಾರರು ಸೇರುವುದು ಅವರಿಷ್ಟ. ಹಾಳಾದ ಪ್ರಕೃತಿಯನ್ನು ಮತ್ತೆ ಸರಿಪಡಿಸುವ ಯುರೋಪಿಯನ್ ಒಕ್ಕೂಟದ ಪ್ರಕೃತಿ ಪುನಶ್ಚೇತನ ಕಾನೂನಿಗೆ ಫಿನ್‌ಲ್ಯಾಂಡ್, ಸ್ವೀಡನ್ ಎರಡೂ 2024ರಲ್ಲಿ ವಿರುದ್ಧ ಮತ ಹಾಕಿದವು. ಆ ಕಾನೂನೂ ರೈತನನ್ನು ಬಲವಂತ ಮಾಡುವುದಿಲ್ಲ, ಹೊಣೆಯೆಲ್ಲ ಸರ್ಕಾರದ್ದು. ಐಸ್‌ಲ್ಯಾಂಡಿನ ಪ್ರಕರಣವಂತೂ ವಿಚಿತ್ರ: ಎರಡನೇ ಮಹಾಯುದ್ಧದ ನಂತರ ಸರ್ಕಾರವೇ ಸಹಾಯಧನ ಕೊಟ್ಟು ತೋಡಿಸಿದ ಕಾಲುವೆಗಳಿಂದ ಬಸಿದ ನೆಲದ ಬಹುಪಾಲು ಇವತ್ತು ಉಳುಮೆಯಲ್ಲೇ ಇಲ್ಲ. ಅಲ್ಲಿ ಕಾಲುವೆ ಮುಚ್ಚಿದರೆ ಬೆಳೆ ಕಳೆದುಕೊಳ್ಳುವವರು ತೀರಾ ಕಡಿಮೆ.