ರೀಅಲಾಕ್‌ಗೆ 0 ಕೊಟ್ಟರೆ ಡಬಲ್ ಫ್ರೀ ಯಾಕೆ?
ಮೆಜೆಸ್ಟಿಕ್–ಬನಶಂಕರಿ ಬಸ್ ನಿಲ್ದಾಣಗಳ ಪಟ್ಟಿಯಿಂದ ಕೊನೆಯ ಹೆಸರು ತೆಗೆದ ಕೂಡಲೇ ನಿಮ್ಮ ಸಿ ಪ್ರೋಗ್ರಾಮ್ ಡಬಲ್ ಫ್ರೀ (ಒಮ್ಮೆ ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಬಿಟ್ಟುಕೊಡುವ ತಪ್ಪು) ಅಂತ ನಿಲ್ಲುತ್ತಿದೆ, ಅಲ್ವಾ? ಪಟ್ಟಿ ಖಾಲಿಯಾದಾಗ, ಪಡೆದ ಮೆಮೊರಿಯ ಗಾತ್ರ ಬದಲಿಸುವ ಫಂಕ್ಷನ್ ಆದ ರೀಅಲಾಕ್‌ಗೆ ಗಾತ್ರ 0 ಹೋಗುತ್ತಿದೆ ನೋಡಿ. ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿ ಆಗ ಹಳೆಯ ಜಾಗವನ್ನು ತಾನೇ ಫ್ರೀ ಮಾಡಿ ನಲ್ (‘ಯಾವ ವಿಳಾಸವೂ ಇಲ್ಲ’ ಎನ್ನುವ ಬೆಲೆ) ವಾಪಸ್ ಕೊಡುತ್ತದೆ. ನಿಮ್ಮ ಕೋಡ್ ಅದನ್ನು ‘ಮೆಮೊರಿ ಸಿಗಲಿಲ್ಲ’ ಅಂದುಕೊಂಡು ಹಳೆಯ ಪಾಯಿಂಟರನ್ನು (ಆ ಜಾಗದ ವಿಳಾಸವನ್ನು) ಇನ್ನೊಮ್ಮೆ ಫ್ರೀ ಮಾಡುತ್ತದೆ. ಸಿ ಭಾಷೆಯ ಮಾನದಂಡವಾದ ಸಿ23ರಲ್ಲಂತೂ ಗಾತ್ರ 0 ಕೊಟ್ಟರೆ ಹೀಗೇ ಆಗುತ್ತೆ ಅನ್ನೋ ಖಾತ್ರಿಯೇ ಇಲ್ಲ.

ಹಾಗಾಗಿ ಎಣಿಕೆ 0 ಆದರೆ ನೀವೇ ಫ್ರೀ ಮಾಡಿ, ಪಾಯಿಂಟರ್‌ಗೆ ನಲ್ ಹಾಕಿ, ಅಲ್ಲಿಂದಲೇ ರಿಟರ್ನ್ ಮಾಡಿ. ಮುಂದೆ ಹೊಸ ನಿಲ್ದಾಣ ಸೇರಿಸುವಾಗ ತೊಂದರೆಯಿಲ್ಲ, ನಲ್ ಕೊಟ್ಟರೆ ರೀಅಲಾಕ್, ಹೊಸ ಮೆಮೊರಿ ಕೊಡುವ ಮ್ಯಾಲಾಕ್‌ನಂತೆಯೇ ಕೆಲಸ ಮಾಡುತ್ತದೆ. ರೀಅಲಾಕ್ ಫಲಿತಾಂಶವನ್ನು ಬೇರೆ ಪಾಯಿಂಟರ್‌ನಲ್ಲಿ ಹಿಡಿದಿದ್ದೀರಲ್ಲ, ಆ ಅಭ್ಯಾಸ ಮಾತ್ರ ಬಿಡಬೇಡಿ. ಯಾಕೆಂದರೆ ನಿಜವಾಗಿಯೂ ಮೆಮೊರಿ ಸಿಗದಿದ್ದಾಗ ಹಳೆಯ ಪಟ್ಟಿ ಹಾಗೇ ಇರುತ್ತದೆ, ಅದರ ಪಾಯಿಂಟರ್ ಕೈತಪ್ಪಬಾರದು.