ಸ್ತನದಲ್ಲಿ ನೋವಿಲ್ಲದ ಗಂಟಿದೆ, ಮನೆಯಲ್ಲಿ ಯಾರಿಗೂ ಕ್ಯಾನ್ಸರ್ ಇರಲಿಲ್ಲ. ತೋರಿಸಲೇಬೇಕಾ? ಮಂಡ್ಯದಲ್ಲಿ ಎಲ್ಲಿ?

ತೋರಿಸಲೇಬೇಕು. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ‘ನೋವಿಲ್ಲವಲ್ಲ, ಬಿಡು’ ಅಂದುಕೊಂಡೇ ನಮ್ಮ ಕಡೆ ಎಷ್ಟೋ ಹೆಂಗಸರು ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ಮನೆತನದಲ್ಲಿಲ್ಲ ಅನ್ನುವುದೂ ಧೈರ್ಯಕ್ಕೆ ಸಾಲದು: 100 ರೋಗಿಗಳಲ್ಲಿ ವಂಶದಿಂದ ಬಂದದ್ದು ಸುಮಾರು 5ರಿಂದ 10 ಜನರಿಗೆ ಮಾತ್ರ. ಹಾಗಂತ ಹೆದರಬೇಡಿ, ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ.

ಮುಟ್ಟು ಶುರುವಾದ 7ರಿಂದ 10ನೇ ದಿನದ ನಡುವೆ ಸ್ತನ ಮೆತ್ತಗಿರುತ್ತದೆ. ಆಗ ನಡುವಿನ ಮೂರು ಬೆರಳುಗಳನ್ನು ಚಪ್ಪಟೆಯಾಗಿಟ್ಟು ಕಂಕುಳವರೆಗೂ ಒತ್ತಿ ನೋಡಿ. ಚಿವುಟಿ ಹಿಡಿದರೆ ಮಾಮೂಲಿ ಭಾಗವೂ ಗಂಟಿನಂತೆ ಸಿಗುತ್ತದೆ. ತೊಟ್ಟು ಹೊಸದಾಗಿ ಒಳಗೆ ಸೇರಿದ್ದರೆ, ರಕ್ತ ಜಿನುಗಿದರೆ, ಚರ್ಮ ಕಿತ್ತಳೆ ಸಿಪ್ಪೆಯಂತಾದರೆ ಆ ದಿನಗಳಿಗೂ ಕಾಯದೆ ತೋರಿಸಿ.

ಮಂಡ್ಯದ ಮಿಮ್ಸ್ (ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಸರ್ಜರಿ ವಿಭಾಗಕ್ಕೆ ಹೋಗಿ. 40 ದಾಟಿದವರಿಗೆ ಸಾಮಾನ್ಯವಾಗಿ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ), ಚಿಕ್ಕವರಿಗೆ ಮೊದಲು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಎಳೆ ವಯಸ್ಸಿನ ದಟ್ಟ ಸ್ತನದಲ್ಲಿ ಗಂಟು ಮ್ಯಾಮೊಗ್ರಾಮ್‌ಗೆ ಮರೆಯಾಗಬಹುದು. ಅನುಮಾನವಿದ್ದರೆ ಸೂಜಿಯಲ್ಲಿ ಗಂಟಿನ ಚೂರು ತೆಗೆದು ಬಯಾಪ್ಸಿ (ಲ್ಯಾಬ್ ಪರೀಕ್ಷೆ) ಮಾಡುತ್ತಾರೆ. ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಮ್ಯಾಮೊಗ್ರಾಮ್ ನಾರ್ಮಲ್ ಬಂದರೂ ಗಂಟು ಕೈಗೆ ಸಿಗುತ್ತಲೇ ಇದ್ದರೆ, ಮುಂದಿನ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ.